‘ನೈಟ್ ಟ್ರೇನ್’ ಲೇನ್: ಯಾರೂ ಹುಡುಕಿಕೊಂಡು ಹೋಗದ ಪ್ರತಿಭೆ

2021ರ ಅಕ್ಟೋಬರ್. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಫೋನಿನಲ್ಲಿ ಅಮೆರಿಕನ್ ಫುಟ್‌ಬಾಲ್ ಹೈಲೈಟ್ಸ್ ನೋಡ್ತಾ ಇದ್ದೆ. ಮಿಷಿಗನ್‌ನಲ್ಲಿ ಎರಡು ವರ್ಷ ಓದಿ ಬಂದವನು ನಾನು. ಓದಿದ್ದರಲ್ಲಿ ಅರ್ಧ ಮರೆತುಹೋಗಿದೆ, ಈ ಆಟದ ಹುಚ್ಚು ಮಾತ್ರ ಬಿಟ್ಟಿಲ್ಲ. ಅವತ್ತು ಡಲ್ಲಾಸ್ ಕೌಬಾಯ್ಸ್ ತಂಡದ ಟ್ರೆವಾನ್ ಡಿಗ್ಸ್ ಎಂಬ ಹುಡುಗ ಆರು ಪಂದ್ಯಗಳಲ್ಲಿ ಏಳನೇ ಇಂಟರ್‌ಸೆಪ್ಷನ್ ಮಾಡಿದ್ದ. ಎದುರಾಳಿ ಎಸೆದ ಪಾಸನ್ನು ಗಾಳಿಯಲ್ಲೇ ಕಿತ್ತುಕೊಂಡರೆ ಅದು ಇಂಟರ್‌ಸೆಪ್ಷನ್. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಹಳೇ ದಾಖಲೆ ಈ ಸಲ ಮುರಿಯುತ್ತಾ? ಮುರಿಯಲಿಲ್ಲ. 17 ಪಂದ್ಯಗಳ ಸೀಸನ್ ಮುಗಿದಾಗ ಡಿಗ್ಸ್ 11ಕ್ಕೆ ನಿಂತಿದ್ದ.

ಆ ದಾಖಲೆ 14. ಬರೆದದ್ದು 1952ರಲ್ಲಿ. ಆಗ ಸೀಸನ್‌ಗೆ ಹನ್ನೆರಡೇ ಪಂದ್ಯ. ಬರೆದವನಿಗೆ ಅದು ಮೊದಲ ವರ್ಷ. ಆ ವರ್ಷದ ಆರಂಭದಲ್ಲಿ ಆತ ಲಾಸ್ ಏಂಜಲೀಸ್‌ನ ಒಂದು ವಿಮಾನ ಕಾರ್ಖಾನೆಯಲ್ಲಿ ಎಣ್ಣೆ ಸುರಿಯುವ ಲೋಹದ ಹಾಳೆಗಳನ್ನು ಹೊತ್ತು ಹಾಕುತ್ತಿದ್ದ. ಹೆಸರು ರಿಚರ್ಡ್ ಲೇನ್. ಜನ ನೆನಪಿಟ್ಟುಕೊಂಡಿದ್ದು ಡಿಕ್ ‘ನೈಟ್ ಟ್ರೇನ್’ ಲೇನ್ ಅಂತ.

ಈ ಆಟ ನೋಡದವರಿಗೆ ಒಂದು ಮಾತು. ಲೇನ್ ಆಡಿದ್ದು ಕಾರ್ನರ್‌ಬ್ಯಾಕ್ ಜಾಗದಲ್ಲಿ. ಕಬಡ್ಡಿಯಲ್ಲಿ ಕಾರ್ನರ್ ಇರ್ತಾರಲ್ಲ, ರೈಡರ್‌ನ ಕಾಲು ಎತ್ತ ಹೋಗುತ್ತೆ ಅಂತ ಮೊದಲೇ ಊಹಿಸಿ ಹಿಡಿಯೋರು, ಸ್ವಭಾವದಲ್ಲಿ ಹೆಚ್ಚು ಕಡಿಮೆ ಹಾಗೇ. ಮೈದಾನದ ಅಂಚಿನಲ್ಲಿ, ಎದುರು ತಂಡದ ಅತಿ ವೇಗದ ಓಟಗಾರನ ಮುಂದೆ ಒಬ್ಬನೇ ನಿಂತಿರಬೇಕು. ಅವನು ಎಲ್ಲಿಗೆ ಓಡ್ತಾನೆ ಅನ್ನೋದು ಅವನಿಗೂ ಚೆಂಡು ಎಸೆಯುವವನಿಗೂ ಮಾತ್ರ ಗೊತ್ತು. ಇವನು ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಊಹಿಸಬೇಕು. ತಪ್ಪಿದರೆ ಇಡೀ ಸ್ಟೇಡಿಯಂ ನೋಡುತ್ತೆ. ಸರಿಯಾಗಿ ಮಾಡಿದರೆ ಆ ಕಡೆಗೆ ಯಾರೂ ಚೆಂಡನ್ನೇ ಎಸೆಯುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದೂ ಇಲ್ಲ.

ಲೇನ್ ಕತೆಯನ್ನು ಅಮೆರಿಕದಲ್ಲಿ ಯಾರೇ ಹೇಳಿದರೂ ಕಸದ ತೊಟ್ಟಿಯಿಂದ ಶುರು ಮಾಡ್ತಾರೆ. ಅದು ಸುಳ್ಳೇನಲ್ಲ. 1920ರ ದಶಕದ ಕೊನೆ, ಟೆಕ್ಸಾಸ್‌ನ ಆಸ್ಟಿನ್ ಪಟ್ಟಣ. ಎಲಾ ಲೇನ್ ಎಂಬ ಕಪ್ಪು ಹೆಂಗಸಿಗೆ ಬೆಕ್ಕು ಅತ್ತ ಹಾಗೆ ಏನೋ ಸದ್ದು ಕೇಳಿಸಿತು. ಹೋಗಿ ನೋಡಿದರೆ ಕಸದ ತೊಟ್ಟಿಯಲ್ಲಿ, ದಿನಪತ್ರಿಕೆ ಹೊದಿಸಿದ, ಮೂರು ತಿಂಗಳ ಗಂಡುಮಗು. ತಾಯಿ ಲೈಂಗಿಕ ಕಾರ್ಯಕರ್ತೆ, ತಂದೆ ಅದೇ ದಂಧೆಯ ದಲ್ಲಾಳಿ ಎಂದು ಲೇನ್ ದೊಡ್ಡವನಾದ ಮೇಲೆ ತಾನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಎಲಾ ವಿಧವೆ. ಆಕೆಗೂ ಸಾಕಬೇಕಾದ ಮಕ್ಕಳಿದ್ದವು. ಆದರೂ ಆ ಮಗುವನ್ನು ಮನೆಗೆ ತಂದಳು, ತನ್ನ ಹೆಸರು ಕೊಟ್ಟಳು, ಬೆಳೆಸಿದಳು.

ನನಗೆ ತಕರಾರು ಇರೋದು ಈ ಕತೆ ಮುಂದೆ ಹೋಗುವ ರೀತಿಯ ಬಗ್ಗೆ. ತೊಟ್ಟಿಯಿಂದ ಒಂದೇ ನೆಗೆತಕ್ಕೆ ಹಾಲ್ ಆಫ್ ಫೇಮ್‌ಗೆ ಹಾರಿಬಿಡ್ತಾರೆ. ನಡುವೆ ಇರೋದು ಬರೀ ಛಲ, ಪರಿಶ್ರಮ, ಕನಸು. ರೀಲ್ಸ್‌ಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಆದರೆ ಆ ನಡುವಿನ ಇಪ್ಪತ್ತೈದು ವರ್ಷ ಎಷ್ಟು ಬಾಗಿಲುಗಳು ಮುಚ್ಚಿದ್ದವು, ತೆರೆದ ಒಂದೆರಡನ್ನು ಯಾರು, ಯಾವಾಗ, ಯಾಕೆ ತೆರೆದರು ಅನ್ನೋದೇ ಈ ಕತೆಯ ಜೀವ ಅಂತ ನನಗನ್ಸುತ್ತೆ.

ಆಸ್ಟಿನ್ ಆಗ ಬಣ್ಣದ ಗೆರೆ ಎಳೆದಿಟ್ಟ ಊರು. ಲೇನ್ ಓದಿದ ಆಂಡರ್ಸನ್ ಹೈಸ್ಕೂಲು ಕಪ್ಪು ಮಕ್ಕಳಿಗೇ ಮೀಸಲಾದ ಶಾಲೆ. ಅದೇ ಊರಿನಲ್ಲಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. ಊರಿನ ಅತ್ಯುತ್ತಮ ಆಟಗಾರ ಆ ಊರಿನ ಮೈದಾನಕ್ಕೇ ಇಳಿಯುವಂತಿರಲಿಲ್ಲ. ಲೇನ್ ಉತ್ತರಕ್ಕೆ, ನೆಬ್ರಾಸ್ಕದ ಸ್ಕಾಟ್ಸ್‌ಬ್ಲಫ್ ಎಂಬ ಸಣ್ಣ ಊರಿಗೆ ಹೋದ. ಅಲ್ಲಿದ್ದವಳು ಯಾರು ಗೊತ್ತಾ? ಅವನನ್ನು ಬಿಟ್ಟುಹೋದ ಹೆತ್ತ ತಾಯಿ. ಅವಳ ಜೊತೆ ರಾಜಿ ಮಾಡಿಕೊಂಡು, ಅಲ್ಲಿನ ಜೂನಿಯರ್ ಕಾಲೇಜಿನಲ್ಲಿ ಒಂದು ಸೀಸನ್ ಆಡಿದ. ಆಮೇಲೆ ಸೇನೆಗೆ ಸೇರಿದ. ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್‌ನಲ್ಲಿದ್ದು ಸೇನಾ ತಂಡಕ್ಕೆ ಆಡಿ ಒಳ್ಳೆ ಹೆಸರು ತೆಗೆದುಕೊಂಡ. ಪಾಸ್ ಹಿಡಿಯುವ ‘ಎಂಡ್’ ಆಗ ಅವನ ಜಾಗ. ಸೇನೆಯಲ್ಲಿ ಬಣ್ಣಭೇದ ನಿಲ್ಲಿಸುವ ಅಧ್ಯಕ್ಷ ಟ್ರೂಮನ್ ಆದೇಶ ಬಂದಿದ್ದು 1948ರಲ್ಲಿ, ಲೇನ್ ಸೈನಿಕನಾದ ಕಾಲಕ್ಕೇ.

ಸೇನೆ ಬಿಟ್ಟ ಮೇಲೆ ಸಿಕ್ಕಿದ್ದೇ ಆ ವಿಮಾನ ಕಾರ್ಖಾನೆ ಕೆಲಸ. ದಿನವಿಡೀ ಮೈಮೇಲೆ ಎಣ್ಣೆ. ಕೆಲಸಕ್ಕೆ ಹೋಗುವ ಬಸ್ಸು ಲಾಸ್ ಏಂಜಲೀಸ್ ರಾಮ್ಸ್ ತಂಡದ ಕಚೇರಿಯ ಮುಂದೆ ಹಾಯ್ದು ಹೋಗ್ತಿತ್ತು. 1952ರಲ್ಲಿ ಒಂದು ದಿನ ಲೇನ್ ಇಳಿದು ಒಳಗೆ ಹೋದ. ಕಂಕುಳಲ್ಲಿ ಒಂದು ಹಳೇ ಸ್ಕ್ರಾಪ್‌ಬುಕ್, ಅದರಲ್ಲಿ ತನ್ನ ಆಟದ ಬಗ್ಗೆ ಬಂದಿದ್ದ ಪತ್ರಿಕೆ ತುಣುಕುಗಳು. ಕೋಚ್ ಜೋ ಸ್ಟೈಡಹಾರ್ ಅದನ್ನು ತಿರುವಿ ನೋಡಿದ. ಶಿಬಿರಕ್ಕೆ ಬಾ ಅಂದ. ಒಪ್ಪಂದ 4,500 ಡಾಲರ್‌ನದು.

ಅವತ್ತು ಲೇನ್ ಬಸ್ಸಿನಿಂದ ಇಳಿಯದೆ ಹೋಗಿದ್ದರೆ? ಈ ಪ್ರಶ್ನೆಯನ್ನು ನಾನು ಸುಮಾರು ಸಲ ಕೇಳಿಕೊಂಡಿದ್ದೇನೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಇದೆ. ಹತ್ತು ವರ್ಷ ಮೊದಲು ಇಳಿದಿದ್ದರೆ?

1934ರಿಂದ 1945ರವರೆಗೆ ಎನ್‌ಎಫ್‌ಎಲ್ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಲಿಖಿತ ನಿಯಮ ಏನೂ ಇಲ್ಲ, ಮಾಲೀಕರು ಯಾರನ್ನೂ ತೆಗೆದುಕೊಳ್ಳಲಿಲ್ಲ, ಅಷ್ಟೇ. 1946ರಲ್ಲಿ ರಾಮ್ಸ್ ತಂಡ ಕ್ಲೀವ್‌ಲ್ಯಾಂಡ್‌ನಿಂದ ಲಾಸ್ ಏಂಜಲೀಸ್‌ಗೆ ಬಂತು. ಅದಕ್ಕೆ ಬೇಕಾಗಿದ್ದ ಕೊಲಿಸಿಯಂ ಮೈದಾನ ಸಾರ್ವಜನಿಕ ಆಸ್ತಿ. ಹ್ಯಾಲಿ ಹಾರ್ಡಿಂಗ್ ಮೊದಲಾದ ಕಪ್ಪು ಪತ್ರಕರ್ತರು ಮೈದಾನದ ಆಡಳಿತ ಮಂಡಳಿಯ ಮುಂದೆ ನೇರವಾಗಿ ಕೇಳಿದರು, ನಮ್ಮ ತೆರಿಗೆ ದುಡ್ಡಿನ ಮೈದಾನದಲ್ಲಿ ನಮ್ಮವರನ್ನು ಹೊರಗಿಟ್ಟ ತಂಡ ಹೇಗೆ ಆಡುತ್ತೆ ಅಂತ. ಮೈದಾನ ಬೇಕಾಗಿದ್ದ ರಾಮ್ಸ್ ಮಣಿಯಿತು. ಕೆನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ತಂಡಕ್ಕೆ ಬಂದರು. ಲೇನ್ ಆರು ವರ್ಷಗಳ ನಂತರ ನಡೆದು ಒಳಗೆ ಹೋದದ್ದು ಇದೇ ಬಾಗಿಲಿನಿಂದ. ಅದನ್ನು ತೆರೆಸಿದ ಹಾರ್ಡಿಂಗ್ ಹೆಸರು ಲೇನ್ ಕುರಿತ ಬರಹಗಳಲ್ಲಿ ಕಾಣಿಸುವುದೇ ಅಪರೂಪ.

ಇನ್ನೊಂದು ಸಂಗತಿ. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸಲ ಒಬ್ಬ ಕಪ್ಪು ಆಟಗಾರನ ಹೆಸರು ಕೂಗಿದ್ದು 1949ರಲ್ಲಿ. ಲೇನ್ ಹೆಸರನ್ನು ಯಾವ ವರ್ಷವೂ ಯಾರೂ ಕೂಗಲಿಲ್ಲ. ಲೇನ್‌ಗಿಂತ ಹೆಚ್ಚು ಇಂಟರ್‌ಸೆಪ್ಷನ್ ಮಾಡಿದ ಎಮ್ಲೆನ್ ಟನೆಲ್ ಕತೆಯೂ ಅಷ್ಟೇ. ಅವನೂ ಕಪ್ಪು ಆಟಗಾರ, ಅವನನ್ನೂ ಯಾರೂ ಆರಿಸಲಿಲ್ಲ. 1948ರಲ್ಲಿ ತಾನಾಗೇ ನ್ಯೂಯಾರ್ಕ್ ಜೈಂಟ್ಸ್ ಕಚೇರಿಗೆ ಹೋಗಿ ಅವಕಾಶ ಕೇಳಿದ್ದ. ಆ ಕಾಲದಲ್ಲಿ ಪಾಸ್ ಕಿತ್ತುಕೊಳ್ಳುವುದರಲ್ಲಿ ಇಡೀ ಲೀಗ್‌ನ ಮೊದಲ ಇಬ್ಬರೂ ಕರೆಯದೆ ಬಂದವರು! ಪ್ರತಿಭೆ ಇದ್ದರೆ ತಾನಾಗೇ ಮೇಲೆ ಬರುತ್ತೆ, ಮೆರಿಟ್‌ಗೆ ಬಣ್ಣವಿಲ್ಲ ಅಂತ ವಾದಿಸುವವರು ಸಿಕ್ಕಾಗ ನಾನು ಈ ಇಬ್ಬರ ಹೆಸರು ಹೇಳ್ತೀನಿ. ಕಚೇರಿ ಮೆಟ್ಟಿಲು ಹತ್ತಲು ಧೈರ್ಯ ಸಾಲದೆ ಬಸ್ಸಿನಲ್ಲೇ ಕೂತು ಮುಂದೆ ಹೋದವರ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲಿದೆ?

ಶಿಬಿರದಲ್ಲಿ ಲೇನ್‌ಗೆ ಶುರುವಿನಲ್ಲೇ ತೊಂದರೆಯಾಯ್ತು. ಎಂಡ್ ಜಾಗದಲ್ಲಿ ಟಾಮ್ ಫಿಯರ್ಸ್ ಮತ್ತು ಎಲ್ರಾಯ್ ಹರ್ಷ್ ಎಂಬ ಇಬ್ಬರು ದಿಗ್ಗಜರು ಕೂತಿದ್ದರು. ರಾಮ್ಸ್ ಆಗ ಹಿಂದಿನ ವರ್ಷದ ಚಾಂಪಿಯನ್ ಬೇರೆ. ತಂಡದ ಆಟದ ಪರಿಭಾಷೆಯೇ ಲೇನ್‌ಗೆ ಅರ್ಥವಾಗ್ತಿರಲಿಲ್ಲ. ಕೇಳಿ ಕಲಿಯೋಣ ಅಂತ ಫಿಯರ್ಸ್ ಕೋಣೆಗೇ ಹೋಗಿ ಬರ್ತಿದ್ದ. ಮೆಕ್ಸಿಕೋದಲ್ಲಿ ಹುಟ್ಟಿದ ಈ ಫಿಯರ್ಸ್, ತನ್ನ ಜಾಗಕ್ಕೇ ಸ್ಪರ್ಧಿಯಾಗಿ ಬಂದ ಹುಡುಗನಿಗೆ ಕೂರಿಸಿಕೊಂಡು ಹೇಳಿಕೊಟ್ಟ ಅನ್ನೋದು ನನಗೆ ಇಷ್ಟವಾದ ವಿವರ. ಆ ಕೋಣೆಯಲ್ಲಿ ಸದಾ ಒಂದೇ ಗ್ರಾಮಫೋನ್ ರೆಕಾರ್ಡು ತಿರುಗ್ತಾ ಇತ್ತು, ಬಡಿ ಮಾರೋ ವಾದ್ಯವೃಂದದ ‘ನೈಟ್ ಟ್ರೇನ್’. ಲೇನ್ ಬಾಗಿಲಲ್ಲಿ ಕಂಡ ಕೂಡಲೇ ನೈಟ್ ಟ್ರೇನ್ ಬಂತು ಅಂತ ಒಬ್ಬ ಸಹ ಆಟಗಾರ ತಮಾಷೆ ಮಾಡ್ತಿದ್ದ. ಹೆಸರು ಅಂಟಿಕೊಂಡಿತು.

ಲೇನ್‌ಗೆ ಆ ಹೆಸರು ಮೊದಲು ಹಿಡಿಸಲಿಲ್ಲ. ರಾತ್ರಿ, ಕತ್ತಲೆ, ಕಪ್ಪು ಅಂತ ತನ್ನ ಬಣ್ಣವನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತ್ತು. ಅನ್ನಿಸದೇ ಇರುತ್ತಾ? (ಆ ಹಾಡಿನ ಕತೆಯೂ ಹಾಗೇ ಇದೆ. ಹಿಟ್ ಮಾಡಿದ್ದು ಜಿಮಿ ಫಾರೆಸ್ಟ್ ಎಂಬ ಕಪ್ಪು ಸ್ಯಾಕ್ಸೊಫೋನ್ ವಾದಕ, ಫಿಯರ್ಸ್ ಕೋಣೆಯಲ್ಲಿ ತಿರುಗುತ್ತಿದ್ದದ್ದು ಬಿಳಿಯ ಬ್ಯಾಂಡ್‌ನವರು ಮತ್ತೆ ನುಡಿಸಿದ ರೆಕಾರ್ಡು.) ಮುಂದೆ ಒಂದು ಪಂದ್ಯದಲ್ಲಿ ವಾಷಿಂಗ್ಟನ್ ತಂಡದ ಚಾರ್ಲಿ ‘ಚೂ ಚೂ’ ಜಸ್ಟಿಸ್‌ನನ್ನು ಲೇನ್ ಕೆಡವಿದ. ರಾತ್ರಿ ರೈಲು ಚೂ ಚೂ ರೈಲನ್ನು ಹಳಿ ತಪ್ಪಿಸಿತು ಅನ್ನೋ ಅರ್ಥದ ಶೀರ್ಷಿಕೆ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಮೇಲೆ ಲೇನ್ ಹೆಸರನ್ನು ಒಪ್ಪಿಕೊಂಡ. ಆ ವಾಷಿಂಗ್ಟನ್ ತಂಡದಲ್ಲಿ ಆಗ ಒಬ್ಬನೂ ಕಪ್ಪು ಆಟಗಾರ ಇರಲಿಲ್ಲ. 1962ರವರೆಗೂ ಇರಲಿಲ್ಲ. ಕೊನೆಗೂ ಆ ಮಾಲೀಕ ಮಣಿದದ್ದು ಯಾಕೆ? ಹೊಸ ಸ್ಟೇಡಿಯಂ ಇದ್ದ ಜಾಗ ಕೇಂದ್ರ ಸರ್ಕಾರದ್ದು, ಭೇದ ನಿಲ್ಲಿಸದಿದ್ದರೆ ಇಲ್ಲಿ ಆಡುವ ಹಾಗಿಲ್ಲ ಅಂತ ಕೆನಡಿ ಸರ್ಕಾರ ಖಡಾಖಂಡಿತವಾಗಿ ಹೇಳಿತು. ಮತ್ತೆ ಸಾರ್ವಜನಿಕ ಜಾಗವೇ ಕೆಲಸಕ್ಕೆ ಬಂತು.

ಎಂಡ್ ಆಗಿ ಸಾಲದ ಲೇನ್‌ನನ್ನು ಕೋಚ್‌ಗಳು ರಕ್ಷಣೆಯ ಕಡೆಗೆ ಹಾಕಿ ನೋಡಿದರು. ಅಷ್ಟೇ, ಅವನ ಜಾಗ ಅವನಿಗೆ ಸಿಕ್ಕಿಬಿಟ್ಟಿತು. ವರ್ಷಗಟ್ಟಲೆ ಪಾಸ್ ಹಿಡಿದವನಿಗೆ ಹಿಡಿಯುವವರ ತಲೆಯಲ್ಲಿ ಏನು ಓಡುತ್ತೆ ಅಂತ ಗೊತ್ತಿತ್ತು. ಅವನದೊಂದು ತಂತ್ರವಿತ್ತು. ತಾನು ಕಾಯಬೇಕಾದವನನ್ನು ಬೇಕೆಂದೇ ಒಂದಿಷ್ಟು ದೂರ ಬಿಡುವುದು. ಅವನು ಖಾಲಿ ಇದ್ದಾನೆ ಅಂತ ಕ್ವಾರ್ಟರ್‌ಬ್ಯಾಕ್ ನಂಬಬೇಕು. ಚೆಂಡು ಕೈ ಬಿಟ್ಟ ಕ್ಷಣ ಉದ್ದ ಕಾಲುಗಳಲ್ಲಿ ನಾಲ್ಕು ಹೆಜ್ಜೆ ಹಾಕಿ ಆ ಖಾಲಿಯನ್ನು ಮುಚ್ಚಿಬಿಡುವುದು. ಗಾಳ ಹಾಕಿ ಕೂತವನ ಹಾಗೆ. ಹನ್ನೆರಡು ಪಂದ್ಯ, 14 ಇಂಟರ್‌ಸೆಪ್ಷನ್, ಕಿತ್ತುಕೊಂಡ ಚೆಂಡಿನ ಜೊತೆ ಓಡಿದ್ದು 298 ಗಜ, ಎರಡು ಟಚ್‌ಡೌನ್. ಅವನನ್ನು ಒಳಗೆ ಬಿಟ್ಟಿದ್ದ ಸ್ಟೈಡಹಾರ್ ಆ ಸೀಸನ್‌ನಲ್ಲಿ ಒಂದೇ ಪಂದ್ಯ ಮುಗಿಸಿ ಕೆಲಸ ಬಿಟ್ಟಿದ್ದ. ತಾನು ತೆರೆದ ಬಾಗಿಲಿನಿಂದ ಬಂದವನು ಬರೆದ ದಾಖಲೆಯನ್ನು ಕೋಚ್ ಆಗಿ ನಿಂತು ನೋಡುವ ಭಾಗ್ಯ ಅವನಿಗಿರಲಿಲ್ಲ.

ಆ ಕಾಲದಲ್ಲಿ ಪಾಸ್‌ಗಳು ಈಗಿನಷ್ಟು ನಿಖರವಾಗಿರಲಿಲ್ಲ, ಕಿತ್ತುಕೊಳ್ಳೋದು ಸುಲಭವಿತ್ತು ಅಂತ ಹೇಳುವವರಿದ್ದಾರೆ. ಒಪ್ಪೋಣ. ಆದರೆ ಎಸೆಯುತ್ತಿದ್ದ ಪಾಸ್‌ಗಳ ಸಂಖ್ಯೆಯೂ ಈಗಿಗಿಂತ ಬಹಳ ಕಡಿಮೆ. ಜೊತೆಗೆ ಸೀಸನ್ ಐದು ಪಂದ್ಯ ಚಿಕ್ಕದು. 13ರವರೆಗೆ ಬಂದವರು ಇದ್ದಾರೆ, 1980ರಲ್ಲಿ ಲೆಸ್ಟರ್ ಹೇಯ್ಸ್ ಕೂಡ ಬಂದು ನಿಂತ. ಅಲ್ಲಿಂದ ಮುಂದಕ್ಕೆ ಯಾರೂ ಹೋಗಿಲ್ಲ.

ಈಗ ಲೇನ್‌ನ ಅಭಿಮಾನಿಗಳು ಸ್ವಲ್ಪ ಬೇಗ ದಾಟಿಬಿಡುವ ವಿಷಯಕ್ಕೆ ಬರೋಣ. ಅವನು ಜನರನ್ನು ಕೆಡವುತ್ತಿದ್ದ ರೀತಿ ಭಯಂಕರವಾಗಿತ್ತು. ಕಾಲು, ಸೊಂಟ ಹಿಡಿದರೆ ಓಡುವವನು ಬೀಳುವಾಗಲೂ ಒಂದೆರಡು ಗಜ ಮುಂದೆ ಹೋಗ್ತಾನೆ. ಕುತ್ತಿಗೆಗೆ ತೋಳು ಹಾಕಿದರೆ ಅಲ್ಲೇ ನಿಲ್ತಾನೆ. ಲೇನ್ ಲೆಕ್ಕ ಇಷ್ಟೇ. ಆರಡಿ ಮೀರಿದ ಎತ್ತರ, ಆ ವೇಗ, ಆ ತೋಳು. ಜನ ಅದಕ್ಕೆ ‘ನೈಟ್ ಟ್ರೇನ್ ನೆಕ್‌ಟೈ’ ಅಂತ ಹೆಸರಿಟ್ಟರು. ಹೆಲ್ಮೆಟ್ಟಿನ ಮುಂದಿನ ಕಂಬಿ, ಅಂದರೆ ಫೇಸ್ ಮಾಸ್ಕ್ ಹಿಡಿದು ಎಳೆಯುವುದಕ್ಕೂ ಅವನು ಹಿಂಜರಿಯುತ್ತಿರಲಿಲ್ಲ. ಹಳೇ ವಿಡಿಯೋಗಳಲ್ಲಿ ನೋಡಿದರೆ ಕುತ್ತಿಗೆ ಮುರಿಯಿತೇನೋ ಅಂತ ಈಗಲೂ ಎದೆ ಝಲ್ ಅನ್ನುತ್ತೆ.

ಅದನ್ನು ನಿಷೇಧಿಸಿದ್ದು ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಷೇಧದ ಇತಿಹಾಸ ಹೇಳುವಾಗ ಲೇನ್ ಒಬ್ಬನೇ ಖಳನಾಯಕ ಆಗ್ತಾನಲ್ಲ, ಅದು ನನಗೆ ಒಪ್ಪಿಗೆಯಿಲ್ಲ. 1956ರಲ್ಲೇ ಲೀಗ್ ಫೇಸ್ ಮಾಸ್ಕ್ ಹಿಡಿಯಬಾರದು ಅಂತ ನಿಯಮ ಮಾಡಿತ್ತು, ಚೆಂಡು ಹಿಡಿದು ಓಡುವವನನ್ನು ಬಿಟ್ಟು! ಅಂದರೆ ಅತಿ ಹೆಚ್ಚು ಪೆಟ್ಟು ತಿನ್ನುವವನಿಗೇ ರಕ್ಷಣೆ ಇಲ್ಲ. ಎಲ್ಲರಿಗೂ ಅನ್ವಯವಾಗುವ ಹಾಗೆ ತಿದ್ದಿದ್ದು 1962ರಲ್ಲಿ. ಆ ಆರು ವರ್ಷ ಅದು ಅಧಿಕೃತವಾಗಿ ಅನುಮತಿ ಇದ್ದ ಆಟ. ಟಿಕೆಟ್ ಮಾರಿದ್ದೂ ಅದೇ. ಲೇನ್‌ನ ತೋಳು ಕ್ರೂರವಾಗಿತ್ತು, ಆ ಕ್ರೌರ್ಯದಿಂದ ದುಡ್ಡು ಮಾಡಿದವರು ಮೇಲೆ ಬಾಕ್ಸ್‌ನಲ್ಲಿ ಕೂತಿದ್ದರು. ಎರಡೂ ನಿಜ.

ರಾಮ್ಸ್ ಎರಡೇ ವರ್ಷಕ್ಕೆ ಅವನನ್ನು ಚಿಕಾಗೊ ಕಾರ್ಡಿನಲ್ಸ್‌ಗೆ ದಾಟಿಸಿತು. 1954ರಲ್ಲಿ ಅಲ್ಲಿ 10 ಇಂಟರ್‌ಸೆಪ್ಷನ್ ಮಾಡಿ ಮತ್ತೆ ಲೀಗ್‌ನಲ್ಲಿ ಮೊದಲಿಗನಾದ. ತಂಡ ಮಾತ್ರ ಸೋಲುತ್ತಲೇ ಇತ್ತು, ಆರು ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದು ಒಂದೇ ವರ್ಷ. 1960ರಲ್ಲಿ ಡೆಟ್ರಾಯ್ಟ್ ಲಯನ್ಸ್‌ಗೆ ಬಂದ. ಯೇಲ್ ಲ್ಯಾರಿ, ಡಿಕ್ ಲೆಬೋ ಜೊತೆ ನಿಂತ ಆ ರಕ್ಷಣಾ ಸಾಲು ದಂತಕತೆಯಾಗಿದೆ. 1962ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಇಡೀ ಸೀಸನ್‌ನಲ್ಲಿ ಸೋತದ್ದು ಒಂದೇ ಪಂದ್ಯ, ಥ್ಯಾಂಕ್ಸ್‌ಗಿವಿಂಗ್ ದಿನ ಈ ಲಯನ್ಸ್ ಕೈಲಿ. ಆದರೂ ಲೇನ್‌ಗೆ ಚಾಂಪಿಯನ್‌ಷಿಪ್ ಒಲಿಯಲೇ ಇಲ್ಲ. ರಾಮ್ಸ್ ಗೆದ್ದದ್ದು ಅವನು ಬರುವ ಹಿಂದಿನ ವರ್ಷ, ಲಯನ್ಸ್ ಗೆದ್ದದ್ದೂ ಅವನು ಬರುವ ಮೊದಲೇ, 1957ರಲ್ಲಿ. 1965ರಲ್ಲಿ ಆಟ ನಿಲ್ಲಿಸಿದಾಗ ಒಟ್ಟು 68 ಇಂಟರ್‌ಸೆಪ್ಷನ್. ಈಗಲೂ ಆ ಪಟ್ಟಿಯಲ್ಲಿ ನಾಲ್ಕನೆಯವನು.

1963ರ ಜುಲೈನಲ್ಲಿ ಲೇನ್, ಗಾಯಕಿ ಡೈನಾ ವಾಷಿಂಗ್ಟನ್‌ಳನ್ನು ಮದುವೆಯಾದ. ಆಕೆ ಆಗ ಅಮೆರಿಕದ ದೊಡ್ಡ ದನಿಗಳಲ್ಲಿ ಒಂದು, ಬ್ಲೂಸ್ ರಾಣಿ ಅಂತಲೇ ಹೆಸರು. ಡಿಸೆಂಬರ್ 14ರಂದು ಡೆಟ್ರಾಯ್ಟ್‌ನ ಮನೆಯಲ್ಲಿ ಆಕೆ ಎಚ್ಚರವಿಲ್ಲದೆ ಬಿದ್ದಿದ್ದನ್ನು ಮೊದಲು ಕಂಡವನು ಲೇನ್. ನಿದ್ದೆ ಮಾತ್ರೆಗಳು ದೇಹದಲ್ಲಿ ಹೆಚ್ಚಾಗಿ ಸಾವು ಸಂಭವಿಸಿತ್ತು. ಆಕೆಗೆ 39 ವರ್ಷ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಆಕೆಯ ಮದುವೆಗಳ ಸಂಖ್ಯೆ ಎಣಿಸುವ ಬರಹಗಳು ಬೇಕಾದಷ್ಟಿವೆ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಮುಂದಿನ ಎರಡು ಸೀಸನ್ ಲೇನ್ ಆಡಿದ, ಆದರೆ ಮೊದಲಿನ ಲೇನ್ ಆಗಿರಲಿಲ್ಲ.

1969ರಲ್ಲಿ ಲೀಗ್‌ಗೆ ಐವತ್ತು ತುಂಬಿದಾಗ ಸಾರ್ವಕಾಲಿಕ ಶ್ರೇಷ್ಠ ಕಾರ್ನರ್‌ಬ್ಯಾಕ್ ಅಂತ ಅವನನ್ನೇ ಆರಿಸಿದರು. 1974ರಲ್ಲಿ ಹಾಲ್ ಆಫ್ ಫೇಮ್. ಇಷ್ಟೆಲ್ಲ ಆದವನಿಗೆ ಆಟದ ಬುದ್ಧಿ ಕಲಿಸುವ ಕೆಲಸ ಸಿಗಬೇಕಿತ್ತಲ್ವಾ? ಲಯನ್ಸ್ ಕಚೇರಿಯಲ್ಲಿ ಕೆಲವು ವರ್ಷ ಸಹಾಯಕನ ಹುದ್ದೆ ಸಿಕ್ಕಿತು. ಕೋಚ್ ಆದದ್ದು ಸದರ್ನ್ ಯೂನಿವರ್ಸಿಟಿ, ಸೆಂಟ್ರಲ್ ಸ್ಟೇಟ್ ಎಂಬ ಎರಡು ಕಪ್ಪು ವಿಶ್ವವಿದ್ಯಾಲಯಗಳಲ್ಲಿ ಮಾತ್ರ. ಮೈದಾನದಲ್ಲಿ ಕಪ್ಪು ಆಟಗಾರರು ತುಂಬಿದ್ದ ಕಾಲದಲ್ಲೂ ಎನ್‌ಎಫ್‌ಎಲ್‌ನ ಕೋಚ್ ಕುರ್ಚಿ ಬಿಳಿಯರದ್ದೇ ಆಗಿತ್ತು. ಆಧುನಿಕ ಯುಗದ ಮೊದಲ ಕಪ್ಪು ಮುಖ್ಯ ಕೋಚ್ ಆಗಿ ಆರ್ಟ್ ಶೆಲ್ ನೇಮಕವಾದದ್ದು 1989ರಲ್ಲಿ! ಲೇನ್ ಕೆಲವು ದಿನ ಹಾಸ್ಯನಟ ರೆಡ್ ಫಾಕ್ಸ್ ಜೊತೆ ಅಂಗರಕ್ಷಕನಾಗಿಯೂ ತಿರುಗಿದ.

1975ರಲ್ಲಿ ಅವನು ಹಿಡಿದ ಕೆಲಸವನ್ನು ಮಾತ್ರ ಹದಿನೇಳು ವರ್ಷ ಬಿಡಲಿಲ್ಲ. ಡೆಟ್ರಾಯ್ಟ್ ಪೊಲೀಸ್ ಅಥ್ಲೆಟಿಕ್ ಲೀಗ್‌ನ ನಿರ್ದೇಶಕ. ಪೊಲೀಸರ ಜೊತೆಗೂಡಿ ಊರಿನ ಮಕ್ಕಳಿಗೆ ಆಟ ಆಡಿಸುವ ಸಂಸ್ಥೆ. ಕೇಳಲು ಸಾಧಾರಣ ಅನ್ಸುತ್ತೆ. ಆದರೆ ಆ ಊರಿನಲ್ಲಿ 1967ರಲ್ಲಿ ಪೊಲೀಸ್ ದಾಳಿಯೊಂದರಿಂದ ಶುರುವಾದ ದಂಗೆಯಲ್ಲಿ 43 ಜನ ಸತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ‘ಸ್ಟ್ರೆಸ್’ ಎಂಬ ಪೊಲೀಸ್ ದಳ ಕಪ್ಪು ಯುವಕರನ್ನು ಗುಂಡಿಟ್ಟು ಕೊಂದು ಕುಖ್ಯಾತವಾಗಿತ್ತು. 1974ರಲ್ಲಿ ಅಧಿಕಾರಕ್ಕೆ ಬಂದ ಮೊದಲ ಕಪ್ಪು ಮೇಯರ್ ಕೋಲ್ಮನ್ ಯಂಗ್ ಆ ದಳವನ್ನು ಬರ್ಖಾಸ್ತು ಮಾಡಿದ. ಅದರ ಮರುವರ್ಷ, ‘ಪೊಲೀಸ್’ ಅನ್ನೋ ಪದ ಬರೆದಿರುವ ಜೆರ್ಸಿಯನ್ನು ಅಲ್ಲಿನ ಹುಡುಗರಿಗೆ ತೊಡಿಸುವ ಕೆಲಸ ಲೇನ್ ಹೆಗಲೇರಿತು.

ಒಂದು ಅನುಮಾನ ನನಗೂ ಇದೆ. ಗುಂಡು ಹಾರಿಸಿದ ಇಲಾಖೆಯ ಮುಖ ತೊಳೆಯಲು ಒಬ್ಬ ಜನಪ್ರಿಯ ಆಟಗಾರನನ್ನು ಬಳಸಿಕೊಂಡರಾ? ಇರಬಹುದು. ಮಕ್ಕಳಿಗೆ ಚೆಂಡು ಕೊಟ್ಟ ಮಾತ್ರಕ್ಕೆ ಪೊಲೀಸ್ ವ್ಯವಸ್ಥೆ ಬದಲಾಗಲ್ಲ. ಆದರೆ ಕಾರ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಾ, ದುಡ್ಡಿದ್ದವರು ಉಪನಗರಗಳಿಗೆ ಓಡುತ್ತಾ ಇದ್ದ ಊರಿನಲ್ಲಿ, ಮನೆಯಲ್ಲಿ ಕೇಳೋರಿಲ್ಲದ ಹುಡುಗರಿಗೆ ಸಂಜೆ ಹೋಗಲು ಒಂದು ಮೈದಾನ, ಹೆಸರು ಹಿಡಿದು ಕರೆಯಲು ಒಬ್ಬ ದೊಡ್ಡವನು ಇದ್ದ. ಇವನನ್ನು ಆಯ್ಕೆ ಮಾಡುವ ಡ್ರಾಫ್ಟ್ ಇರಲಿಲ್ಲ, ಆ ಹುಡುಗರನ್ನು ಆಯ್ಕೆ ಮಾಡುವ ಅಗತ್ಯವೇ ಅಲ್ಲಿರಲಿಲ್ಲ. ಬಂದವರಿಗೆಲ್ಲ ಜಾಗ.

1992ರಲ್ಲಿ ನಿವೃತ್ತನಾಗಿ, ಮುಂದೆ ಆಸ್ಟಿನ್‌ಗೆ ಮರಳಿದ. ಮಂಡಿಗಳು ಸವೆದಿದ್ದವು, ಸಕ್ಕರೆ ಕಾಯಿಲೆ ಇತ್ತು. 2002ರ ಜನವರಿ 29ರಂದು ಅಲ್ಲಿನ ಒಂದು ಆರೈಕೆ ಕೇಂದ್ರದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಎಲಾ ಲೇನ್‌ಗೆ ಅವನು ಸಿಕ್ಕಿದ್ದೂ ಅದೇ ಊರಿನಲ್ಲಿ.

2021ರ ಸೀಸನ್ ಮುಗಿದ ದಿನ ಆ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಮೊದಲ ಸಾಲು ಹಾಗೇ ಇತ್ತು: ಲೇನ್, ರಾಮ್ಸ್, 1952, ಹದಿನಾಲ್ಕು.